ಬೋಜಾ ರಾಯ್ಚೋನ ನಲವತ್ತನೆಯ ದಿನ

ರಾಯ್ಚೋ ಸತ್ತು ಅಂದಿಗೆ ನಲವತ್ತು ದಿನ. ಲೋಮ್ ಪೇಟೆಯ ಸ್ಮಶಾನದಲ್ಲಿ ಮಗ ಲ್ಯುಬೆನ್ ಬೇಯಿಸಿದ ಸಿಹಿಗೋಧಿಯ ಬೋಗುಣಿ ಹಿಡಿದು ನಿಂತಿದ್ದ. ಬಂದವರು ಒಂದೊಂದು ಚಮಚ ಬಾಯಿಗೆ ಹಾಕಿಕೊಂಡು, "ದೇವರು ಕ್ಷಮಿಸಲಿ" ಎಂದು ಮುಂದೆ ಸಾಗುತ್ತಿದ್ದರು. ಸತ್ತವರಿಗಾಗಿ ಆಡುವ ಮಾತು ಅದು. ಲ್ಯುಬೆನ್‌ಗೆ ಮಾತ್ರ ತನ್ನ ಮುಖ ನೋಡಿಯೇ ಹೇಳಿದಂತಾಗುತ್ತಿತ್ತು.

ಜನ ಬಂದಿದ್ದರು ಬೇಕಾದಷ್ಟು. ಬಾರದೆ ಇರುತ್ತಾರೆಯೇ? ನದಿ ಬಂದರಿನ ಕೆಲಸ ಕಳೆದುಕೊಂಡ ವರ್ಷ ರಾಯ್ಚೋ ತನ್ನ ಅತ್ತೆಯ ತಾಮ್ರದ ಹಂಡೆಯಲ್ಲಿ ಬರಗು ಬೇಯಿಸಿ, ಹುದುಗು ಬರಿಸಿ, ಬೋಜಾ ಎಂಬ ಹುಳಿಸಿಹಿ ಪಾನೀಯದ ಬಾಟಲಿಗಳನ್ನು ಮಗುವಿನ ತಳ್ಳುಗಾಡಿಯಲ್ಲಿ ಹೇರಿಕೊಂಡು ಮನೆಮನೆ ತಿರುಗಿದ್ದ. ಗಾಡಿ ಲ್ಯುಬೆನ್‌ನದು, ಗಾಡಿ ಕಳೆದುಕೊಂಡ ಕೂಸು ತಾಯಿ ಸ್ತೋಯ್ನಾಳ ಸೊಂಟ ಏರಿತ್ತು. ಅಡುಗೆಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಮಾರುಕಟ್ಟೆ ಬೀದಿಗೆ ವ್ಯಾಪಾರ ಬೆಳೆಯಿತು. ಅಂಗಡಿಯ ಹಿಂದೆ ಉಕ್ಕಿನ ತೊಟ್ಟಿಗಳು ಬಂದವು. ಇಷ್ಟಾದರೂ ಭಾನುವಾರ ಬೀಗ. ಅಂದು ಹೆಂಡತಿ ಮಕ್ಕಳನ್ನು ಡ್ಯಾನ್ಯೂಬ್ ದಂಡೆಗೆ ಕರೆದೊಯ್ದು, ಮೀನು ಹಿಡಿಯುವ ನೆಪದಲ್ಲಿ ಗೊರಕೆ ಹೊಡೆಯುತ್ತಿದ್ದ. ತಾನು ರುಚಿ ನೋಡದೆ ಒಂದು ತೊಟ್ಟಿಯನ್ನೂ ಹೊರಗೆ ಬಿಟ್ಟವನಲ್ಲ.

ಹೋದ ಚಳಿಗಾಲದಲ್ಲಿ ಜ್ವರ ಬಂದು ಅವನ ನಾಲಿಗೆಗೆ ರುಚಿಯೇ ಇಲ್ಲವಾಯಿತು. ಯಾರಿಗೂ ಹೇಳಲಿಲ್ಲ. ಹುಳಿ ಮೀರಿದ ಬೋಜಾ ಊರಿಗೆಲ್ಲ ಹಂಚಿಹೋಗಿ ಬಾಟಲಿಗಳು ವಾಪಸು ಬಂದವು. ಅಪ್ಪನ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದ ಲ್ಯುಬೆನ್‌ಗೆ ಅನುಮಾನ ಹುಟ್ಟಿತು. ಕೆಲಸದವರು ಹೋದ ಮೇಲೆ ಒಂದು ಲೋಟ ತುಂಬಿಸಿ ಅಪ್ಪನ ಕೈಗಿಟ್ಟ.

"ಹೇಗಿದೆ ನೋಡಪ್ಪ."

ರಾಯ್ಚೋ ಕುಡಿದು ಮೀಸೆ ಒರೆಸಿಕೊಂಡ. "ಭೇಷಾಗಿದೆ ಕಣೋ."

"ಒಂದು ಹಿಡಿ ಉಪ್ಪು ಸುರಿದಿದೀನಿ ಅದರಲ್ಲಿ! ಭೇಷಂತೆ! ನಡಿ ಮನೆಗೆ. ನೀನಿದ್ರೆ ಅಂಗಡಿ ಮುಳುಗತ್ತೆ."

ಬಾಟಲಿ ತೊಳೆಯುತ್ತಿದ್ದ ಸ್ತೋಯ್ನಾಳ ಕೈ ನಿಂತುಹೋಯಿತು. ರಾಯ್ಚೋ ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿ ಹೊರಟವನು ಮತ್ತೆ ಅಂಗಡಿ ಕಡೆ ತಲೆಹಾಕಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಎದೆನೋವು ಅವನನ್ನು ಕೊಂಡೊಯ್ದಿತು.

ಈಗ ಅವನ ಹಳೆಯ ಗೆಳೆಯ ಗಂಚೋ ಗೋಧಿ ಜಗಿಯುತ್ತ ಲ್ಯುಬೆನ್‌ನ ಹೆಗಲು ತಟ್ಟಿದ.

"ಮಗ ಅಂದ್ರೆ ನಿನ್ನಂಥೋನು ಕಣೋ. 'ದುಡಿದಿದ್ದು ಸಾಕಪ್ಪ, ಇನ್ನು ಆರಾಮಾಗಿರು ಅಂತ ಮಗ ಕೈ ಹಿಡ್ಕೊಂಡು ಬೇಡ್ಕೊಂಡ, ಕಣ್ಣಲ್ಲಿ ನೀರಿತ್ತು' ಅಂತಿದ್ದ ನಿಮ್ಮಪ್ಪ. ಪಗಡೆಗೆ ಕೂತಾಗೆಲ್ಲ ಇದೇ ಪುರಾಣ! ನನಗೂ ಇದಾನೆ ಒಬ್ಬ, ಹಬ್ಬಕ್ಕೊಂದು ಫೋನು ಮಾಡ್ತಾನೆ, ಅದೂ ದುಡ್ಡಿಲ್ಲ ಅನ್ನೋಕೆ."

ಲ್ಯುಬೆನ್ ಬೋಗುಣಿ ಕೆಳಗಿಳಿಸಿದ. "ಹಾಗಲ್ಲ ಮಾವ..."

"ಮಾವನಿಗೆ ವೈನ್ ಹಾಕು" ಎಂದಳು ಸ್ತೋಯ್ನಾ.

ಮನೆಗೆ ಹೋಗುವ ದಾರಿಯಲ್ಲಿ ಅವನು ತಾಯಿಯನ್ನು ಕೇಳಿದ: "ಅಪ್ಪ ಹಾಗಂತಿದ್ದದ್ದು ನಿನಗೆ ಗೊತ್ತಿತ್ತಾ?"

"ನನ್ನೆದುರೇ ಹೇಳ್ತಿದ್ರು."

"ಹಾಗಾದ್ರೆ ಕೋಪ ಇರಲಿಲ್ವಾ ನನ್ನ ಮೇಲೆ?"

"ಇರಲಿಲ್ಲ ಅಂದ್ರೆ ಸುಳ್ಳಾಗತ್ತೆ. ನಿನ್ನ ಹೆಸರೆತ್ತಿದ್ರೆ ತಟ್ಟೆ ಬಿಟ್ಟು ಏಳ್ತಿದ್ರು. ಆದ್ರೆ ಹೊರಗಿನೋರ ಹತ್ರ ಮಗನ್ನ ಬಿಟ್ಟುಕೊಡೋ ಮನುಷ್ಯ ಅಲ್ಲ ಅವರು."

"ನನಗ್ಯಾಕಮ್ಮ ಹೇಳಲಿಲ್ಲ ನೀನು?"

"ನೀನಾಗೇ ಒಂದು ಮಾತಾಡ್ತೀಯ ಅಂತ ಕಾಯ್ತಿದ್ರು. ನೀನು ಬರ್ತಿದ್ದೆ, ಮಾತ್ರೆ ಇಡ್ತಿದ್ದೆ, ಅವರ ಜೊತೆ ಕೂತು ಟೀವಿಲಿ ಫುಟ್ಬಾಲ್ ನೋಡಿ ಎದ್ದು ಹೋಗ್ತಿದ್ದೆ."

ಲ್ಯುಬೆನ್ ರಸ್ತೆಯಲ್ಲೇ ನಿಂತ. ಸ್ತೋಯ್ನಾ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. "ನಡಿ, ಮನೇಲಿ ಜನ ಕಾಯ್ತಿದಾರೆ" ಎಂದು ಮುಂದೆ ಹೋದಳು.

ಊಟಕ್ಕೆ ಎಲ್ಲರೂ ಸೇರಿ ಅವನನ್ನು ಅಪ್ಪನ ಕುರ್ಚಿಯಲ್ಲೇ ಕೂರಿಸಿದರು. ಹುರುಳಿಕಾಯಿ ಬೀಜದ ಸಾರು ಬಡಿಸುವ ಹೊತ್ತಿಗೆ ಗಂಚೋ ಮತ್ತೆ ಅದೇ ಕಥೆ ತೆಗೆದ. ಎರಡು ಲೋಟ ವೈನ್ ಇಳಿದಿದ್ದರಿಂದ ಈ ಸಲ ಮಗನ ಕಣ್ಣೀರು ಇನ್ನಷ್ಟು ಹರಿಯಿತು. ನಿಜ ಹೇಳಿಬಿಟ್ಟರೆ ಎದೆ ಹಗುರಾದೀತು, ಆದರೆ ಊರಿನ ಮುಂದೆ ಅಪ್ಪ ಸುಳ್ಳುಗಾರನಾಗುತ್ತಾನೆ. ಲ್ಯುಬೆನ್ ತಲೆ ತಗ್ಗಿಸಿ ಕಥೆ ಮುಗಿಯುವವರೆಗೂ ಕೇಳಿಸಿಕೊಂಡ. ಪಾಪ, ಹೊಗಳಿದರೆ ನಾಚಿಕೆ ಪಡುತ್ತಾನೆ ಹುಡುಗ ಎಂದು ಮೇಜಿನ ಸುತ್ತ ಎಲ್ಲರೂ ಮೆಚ್ಚಿಕೊಂಡರು.