ಟಿಕೋಟಾದ ಕೆಂಪು ಅರಿವೆ

ಗಾಂಧಿ ಚೌಕದ ಲಾರಿ ಆಫೀಸಿನಲ್ಲಿ ಗೊಲ್ಲಾಳಪ್ಪನ ಮಾತೇ ಮಾತು. ಯಾವ ಗಾಡಿ ಯಾವ ಹಾದಿ ಹಿಡಿಯಬೇಕು, ಯಾವ ಡ್ರೈವರ್ ಯಾವ ಲೋಡು ಒಯ್ಯಬೇಕು, ಎಲ್ಲ ಅವನೇ ಹೇಳುವವನು. ಮಾಲೀಕ ಬಂದರೂ ಚಹಾ ಕುಡಿದು ಹೋಗುತ್ತಿದ್ದನೇ ಹೊರತು ನಡುವೆ ಬಾಯಿ ಹಾಕುತ್ತಿರಲಿಲ್ಲ.

ಅರವತ್ತರ ದಶಕದ ಆ ದಿನಗಳಲ್ಲಿ ಹೊರಟುಹೋದ ಲಾರಿಗೆ ಸುದ್ದಿ ಮುಟ್ಟಿಸುವುದೆಂದರೆ ದೊಡ್ಡ ತಲೆನೋವು. ಅದಕ್ಕೆ ಗೊಲ್ಲಾಳಪ್ಪ ಒಂದು ಪದ್ಧತಿ ಮಾಡಿದ್ದ. ಬಸ್ಸಿನ ಕಂಡಕ್ಟರನ ಮೂಲಕ ಟಿಕೋಟಾದ ಹನಮವ್ವನ ಚಹಾದಂಗಡಿಗೆ ನಿರೋಪ ಕಳಿಸುವುದು, ಆಕೆ ರಸ್ತೆಬದಿಯ ಬೇವಿನ ಟೊಂಗೆಗೆ ಕೆಂಪು ಅರಿವೆ ಕಟ್ಟುವುದು. ಅರಿವೆ ಕಂಡ ಡ್ರೈವರ್ ನಿಲ್ಲಲೇಬೇಕು. ಹೋದ ಮಳೆಗಾಲದಲ್ಲಿ ಮುಂದಿನ ಹಳ್ಳ ತುಂಬಿ ಬಂದಾಗ ಒಂದು ಗಾಡಿ ಉಳಿದದ್ದು ಅದರಿಂದಲೇ. ಸುಳ್ಳಿಗೆ ಮಾತ್ರ ಅದನ್ನು ಕಟ್ಟಕೂಡದು, ಅದು ಗೊಲ್ಲಾಳಪ್ಪನ ಕಟ್ಟಪ್ಪಣೆ.

ಒಂದು ಮಧ್ಯಾಹ್ನ ಸಬೀರಾ ಕೂಸನ್ನು ಎತ್ತಿಕೊಂಡು ಆಫೀಸಿಗೆ ಬಂದಳು. ಡ್ರೈವರ್ ಹುಸೇನಸಾಬನ ಒಬ್ಬಳೇ ಮಗಳು. ಅಪ್ಪ ನೋಡಿದ ವರನನ್ನು ಬಿಟ್ಟು ಟಿಕೋಟಾದ ದರ್ಜಿಯನ್ನು ಮದುವೆಯಾದವಳು. ಹನಮವ್ವನ ಅಂಗಡಿಯ ಪಕ್ಕದ್ದೇ ಅವಳ ಮನೆ. ಅಂದಿನಿಂದ ಹುಸೇನಸಾಬ ಆ ಹಾದಿ ತುಳಿದವನಲ್ಲ. “ನನಗ ಬಬಲೇಶ್ವರದ ಹಾದೀನ ಕೊಡ್ರಿ” ಎಂದು ಒಂದೇ ಪಟ್ಟು. ಮೊಮ್ಮಗಳು ಹುಟ್ಟಿದರೂ ಆ ಮನುಷ್ಯ ಮೆತ್ತಗಾಗಲಿಲ್ಲ, ಏನು ಹೇಳುತ್ತೀರಿ?

“ಕಾಕಾ, ಒಮ್ಮೆ ಅಬ್ಬಾನ್ನ ನಮ್ಮ ಹಾದಿಗೆ ಕಳಸ್ರಿ. ಕೆಂಪ ಅರಿವಿ ಕಟ್ಟಸ್ರಿ. ಗಾಡಿ ನಿಂತ್ರ ಸಾಕು, ಕೂಸಿನ ಮಾರಿ ತೋರಸ್ತೇನಿ.”

ಗೊಲ್ಲಾಳಪ್ಪ ಕೂಸಿನ ಕೆನ್ನೆ ಸವರಿದ. ಆದರೂ ಆಗುವುದಿಲ್ಲವೆಂದು ತಲೆಯಾಡಿಸಿದ.

“ಅದೊಂದ ಕೇಳಬ್ಯಾಡವಾ. ಇವತ್ತ ಸುಳ್ಳಿಗೆ ಕಟ್ಟಿದ್ರ, ನಾಳೆ ಹಳ್ಳ ಬಂದಾಗ ಯಾರೂ ನಿಂದ್ರೂದಿಲ್ಲ.”

ಅವಳು ಕೂಸನ್ನು ಹೆಗಲಿಗೇರಿಸಿಕೊಂಡು ಹೊರಟಳು. ದರ್ಜಿ ಅಪ್ಪ ಹೊಲಿದ, ತಲೆಯನ್ನೂ ಮುಚ್ಚುವ ಕೆಂಪು ಕುಂಚಿಗೆ ತೊಟ್ಟ ಆ ಕೂಸು ಮಾತ್ರ ಅವಳ ಹೆಗಲ ಮೇಲಿಂದ ಇವನನ್ನೇ ನೋಡುತ್ತ ಹೋಯಿತು.

ಕೆಲವು ದಿನಗಳಲ್ಲೇ ಅಥಣಿಗೆ ಒಂದು ಲೋಡು ಬಂತು. ಟಿಕೋಟಾ ದಾಟಿಯೇ ಹೋಗಬೇಕು. ಗೊಲ್ಲಾಳಪ್ಪ ಬೆಳಗಿನ ಬಸ್ಸಿನ ಕಂಡಕ್ಟರನಿಗೆ, “ನಿಮ್ಮಪ್ಪ ಇವತ್ತ ಈ ಹಾದಿಲೆ ಬರ್ತಾನಂತ ಸಬೀರಾಗ ಹೇಳು” ಎಂದ. ಅರಿವೆಯ ಮಾತೆತ್ತಲಿಲ್ಲ. ಆಮೇಲೆ ಹುಸೇನಸಾಬನನ್ನು ಕರೆದ.

“ಬಬಲೇಶ್ವರಕ್ಕ ಇವತ್ತ ಏನೂ ಇಲ್ಲ. ಅಥಣಿಗೆ ಹೋಗು, ಇಲ್ಲಂದ್ರ ಮನ್ಯಾಗ ಕೂಡು.”

“ಹೋಗ್ತೇನ್ರಿ. ಆದ್ರ ಟಿಕೋಟಾದಾಗ ಬ್ರೇಕ್ ಒತ್ತೂದಿಲ್ಲ.” ಹುಸೇನಸಾಬ ಮುಖ ಊದಿಸಿಕೊಂಡೇ ಲಾರಿ ಏರಿದ.

ಸಂಜೆಗೆ ಬರಬೇಕಾದ ಗಾಡಿ ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಗೊಲ್ಲಾಳಪ್ಪ ರಸ್ತೆಗೂ ಹೊಸ್ತಿಲಿಗೂ ತಿರುಗಿ ತಿರುಗಿ ಸುಸ್ತಾದ. ಕೊನೆಗೆ ಹುಸೇನಸಾಬ ಬಂದು ಬೆಂಚಿನ ಮೇಲೆ ಕೂತ.

“ಯಾಕೋ ಇಷ್ಟ ತಡಾ?”

“ಟಿಕೋಟಾದಾಗ ಕೆಂಪ ಅರಿವಿ ಕಂಡಿತ್ರಿ.”

ಗೊಲ್ಲಾಳಪ್ಪ ಎದ್ದು ನಿಂತ. “ನಾ ನಿರೋಪ ಕಳಿಸಿರಲಿಲ್ಲಲ್ಲೋ.”

“ಹತ್ರ ಹೋದಮ್ಯಾಲ ಗೊತ್ತಾತ್ರಿ. ಅದು ಕೂಸಿನ ಕುಂಚಿಗಿ. ಮಗಳು ತೊಳದು ಅದ ಬೇವಿನ ಟೊಂಗಿಗೆ ಒಣಾಕ ಹಾಕ್ಯಾಳ.”

“ಹಂಗಾರ ಮುಂದ ಹೋಗಬೇಕಿಲ್ಲೋ?”

“ಅಷ್ಟರಾಗ ಗಾಡಿ ನಿಂತಿತ್ರಿ. ಅರಿವಿ ಕಂಡಕೂಡ್ಲೆ ಕಾಲು ತಾನ ಬ್ರೇಕ್ ಒತ್ತತೈತಿ. ಇಳದು, ನಿರೋಪ ಯಾರಿಗೆ ಅಂತ ಕೇಳಿದೆ. ‘ನಿಮಗ, ಅಬ್ಬಾ’ ಅಂದು ಕೂಸಿನ್ನ ನನ್ನ ಕೈಯಾಗ ಇಟ್ಟಳು.”

ಹುಸೇನಸಾಬ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. ಅದನ್ನು ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಗೊಲ್ಲಾಳಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಕಟ್ಟಪ್ಪಣೆ ಬಿಡುವ ಆಸಾಮಿಯಲ್ಲವಲ್ಲ.

“ಆ ಕುಂಚಿಗಿ ಇನ್ನೂ ಅಲ್ಲೇ ಐತೇನು?”

“ತಗಿ ಅಂತ ಹೇಳಿ ಬಂದೇನ್ರಿ. ಬ್ಯಾರೆ ಗಾಡಿಗೋಳು ಸುಮ್ಮಸುಮ್ಮನ ನಿಂದ್ರಬಾರದು. ನಾ ಹೆಂಗೂ ನಿಂದ್ರತೇನಿ.”