ಎಡ ಭುಜದಿಂದ ಬಲ ಭುಜಕ್ಕೆ

ಹೂವಿನ ತಟ್ಟೆಯಿಂದ ಬಿಳಿ ಸೇವಂತಿಗೆ ಎತ್ತಿಕೊಂಡು ಶವಪೆಟ್ಟಿಗೆಯೊಳಗೆ ಬಗ್ಗಿದ ಜಾಹ್ನವಿ, ಸುಮಿಕೊ ಸಾನ್ ಅವರ ಕೈಗಳನ್ನು ಕಂಡು ಹಾಗೇ ನಿಂತುಬಿಟ್ಟಳು. ಅವನ್ನು ಎದೆಯ ಮೇಲೆ ಜೋಡಿಸಿ ಜಪಮಣಿ ಸುತ್ತಿಟ್ಟಿದ್ದರು. ಇಲ್ಲಿ ಜಪಾನಿನಲ್ಲಿ ಸತ್ತವರಿಗೆಲ್ಲ ಹಾಗೇ ಮಾಡುತ್ತಾರೆ, ಸರಿಯಪ್ಪ. ಆದರೆ ಈಕೆ ಹುಟ್ಟಿನಿಂದ ಕಿವಿ ಕೇಳದವರು. ಆ ಕೈಗಳಲ್ಲೇ ನಕ್ಕವರು, ಬೈದವರು, ಒಸಾಕಾದ ಮೆಡಿಕಲ್ ಕಾಲೇಜಿನ ಮಕ್ಕಳಿಗೆ ಸನ್ನೆ ಭಾಷೆ ಕಲಿಸಿದವರು. ಬಾಯಿಗೇ ಬಟ್ಟೆ ಕಟ್ಟಿದಂತೆ ಕಂಡು ಜಾಹ್ನವಿಗೆ ಸಂಕಟವಾಯಿತು.

ಪಕ್ಕದಲ್ಲಿ ಮಗ ಮೋಹಿತ್ ಕಪ್ಪು ಸೂಟಿನಲ್ಲಿ ನಿಂತಿದ್ದ. ಆಸ್ಪತ್ರೆಯಲ್ಲಿ ಸುಮಿಕೊ ಸಾನ್ ಅವರನ್ನು ನೋಡಿಕೊಂಡ ಡಾಕ್ಟರು ಅವನೇ. ಸತ್ತವರ ತಮ್ಮ ತದಾಶಿ ಸಾನ್ ಬಂದು ಅವನಿಗೆ ಸೊಂಟ ಬಗ್ಗಿಸಿ ವಂದಿಸಿದರು. ಕ್ಯಾನ್ಸರ್ ಎಂದು ಅಕ್ಕನಿಗೆ ಕೊನೆಯವರೆಗೂ ತಿಳಿಸದೆ ನನ್ನ ಮಾತು ಉಳಿಸಿದಿರಿ, ನೆಮ್ಮದಿಯಾಗಿ ಹೋದಳು, ಅರಿಗಾತೋ, ದೊಡ್ಡ ಉಪಕಾರವಾಯಿತು ಅಂದರು.

ಜಾಹ್ನವಿ ಮಗನ ತೋಳು ಹಿಡಿದು ಮೂಲೆಗೆ ಎಳೆದಳು.

"ಹೊಟ್ಟೆಹುಣ್ಣು ಅಂದಿದ್ಯಲ್ಲೋ. ಅವರಿಗೂ, ನಂಗೂ."

"ಫ್ಯಾಮಿಲಿ ರಿಕ್ವೆಸ್ಟ್ ಅಮ್ಮ. ವಾಟ್ ಕುಡ್ ಐ ಡೂ?"

"ಅವರ ಮನೇಲಿ ಅನ್ನ ತಿಂದು ಬೆಳೆದೋನು ನೀನು. ನೀನು ಫ್ಯಾಮಿಲಿ ಅಲ್ವೇನೋ?"

*

ಮೋಹಿತ್ ಚಿಕ್ಕವನಿದ್ದಾಗ ಜಾಹ್ನವಿ ಲ್ಯಾಬಿನಿಂದ ಬರುವುದು ತಡವಾದರೆ ಪಕ್ಕದ ಮನೆಯ ಸುಮಿಕೊ ಸಾನ್ ಅವನಿಗೆ ಊಟ ಹಾಕುತ್ತಿದ್ದರು. ಕನ್ನಡ ಸರಿಯಾಗಿ ಬರುವ ಮೊದಲೇ ಅವನಿಗೆ ಅವರ ಸನ್ನೆಗಳು ಬಂದವು. ಮುಂದೆ ಅವನು ಮೆಡಿಕಲ್ ಸೇರಿ ಅವರದೇ ಕ್ಲಾಸಿನ ಮುಂದಿನ ಬೆಂಚಿನಲ್ಲಿ ಕೂತ. ಅವರ ಸನ್ನೆಗೆ ದನಿ ಕೊಡಲು ಜಾಹ್ನವಿಯೂ ಹೋಗುತ್ತಿದ್ದಳು.

ಮೊದಲ ದಿನದ ಪಾಠ ಒಂದೇ. ಕಿವಿ ಕೇಳದ ರೋಗಿಯ ಮುಂದೆ ಅವರ ಮನೆಯವರಿಗೆ ಬಾಯಲ್ಲಿ ಹೇಳಿದ್ದನ್ನೆಲ್ಲ ರೋಗಿಗೂ ಕೈಯಲ್ಲಿ ಹೇಳಬೇಕು, ಆಗದವರು ಈಗಲೇ ಎದ್ದು ಹೋಗಿ. ಆಮೇಲೆ ಬೆರಳ ತುದಿಗಳನ್ನು ಎಡ ಭುಜಕ್ಕೆ ಮುಟ್ಟಿಸಿ, ಎದೆಯ ಮೇಲಿಂದ ಬಲ ಭುಜಕ್ಕೆ ಸಾಗಿಸಿದರು. ಸರಿಹೋಗುತ್ತದೆ ಎಂದು ಅದರ ಅರ್ಥ.

"ಇದನ್ನ ಸುಮ್ನೆ ಮಾಡ್ಬೇಡಿ," ಎಂದಿದ್ದರು ಕೈಯಲ್ಲಿ. "ನಾವು ನಂಬಿಬಿಡ್ತೀವಿ."

ಹೋದ ಶರತ್ಕಾಲದಲ್ಲಿ ವಾರ್ಡಿನ ಮಂಚದ ಬಳಿ ನಿಂತು ಮೋಹಿತ್ ಮಾಡಿದ್ದು ಅದೇ ಸನ್ನೆ. ಸುಮಿಕೊ ಸಾನ್ ಅವರ ಮುಖ ಅರಳಿತು. ಹಾಗಾದರೆ ನೋಮಿ ಊರಿಗೆ ಹೋಗಿ ನನ್ನ ಶಾಲೆಯ ಗೆಳತಿ ಕಿನುಯೊಳನ್ನು ನೋಡಿಕೊಂಡು ಬರುತ್ತೇನೆ, ಈಗಲೇ ಎಂದು ಹಟ ಹಿಡಿದರು. ಚಳಿ ಶುರುವಾಗುತ್ತಿದೆ, ಬೇಡ, ಮೊದಲು ಹುಷಾರಾಗಿ, ವಸಂತದಲ್ಲಿ ಹೋಗೋಣ ಎಂದು ತಡೆದವಳು ಜಾಹ್ನವಿಯೇ. ಮಗನ ಕೈಯನ್ನು ಅವಳೂ ನಂಬಿದ್ದಳು.

*

ಹೆತ್ತ ಮಗನೇ ನಂಬಿಸಿ ಕತ್ತು ಕೊಯ್ದಿದ್ದ. ಅಷ್ಟೇ ಅಲ್ಲದೆ, ಆ ಸುಳ್ಳಿಗೆ ಜಾಹ್ನವಿಯನ್ನೂ ಕಾವಲು ನಿಲ್ಲಿಸಿದ್ದ.

ಮುಚ್ಚಳ ಹಾಕುವ ಹೊತ್ತಾಯಿತು. ಕೋಲೂರಿಕೊಂಡು ಒಬ್ಬ ಮುದುಕಿ ಬಂದರು. ನೋಮಿಯ ಕಿನುಯೊ ಸಾನ್. ಅವರಿಗೂ ಕಿವಿ ಕೇಳದು. ಗೆಳತಿಯ ಮುಖ ನೋಡಿ, ಕೋಲನ್ನು ಗೋಡೆಗೆ ಒರಗಿಸಿ ಮೋಹಿತನ ಕಡೆ ತಿರುಗಿದರು. ಸನ್ನೆಯಲ್ಲಿ ಕೇಳಿದ್ದು ಸ್ಪಷ್ಟವಾಗಿತ್ತು. ವಸಂತದಲ್ಲಿ ಬರುತ್ತೇನೆ ಎಂದಿದ್ದಳು. ಡಾಕ್ಟರೇ, ಸಾಯುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಬರಲಿಲ್ಲವೇ?

ಮೋಹಿತ್ ಅಮ್ಮನ ಮುಖ ನೋಡಿದ. "ನೀನೇ ಹೇಳಮ್ಮ. ಪ್ಲೀಸ್."

ಜಾಹ್ನವಿ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಿನ್ನ ಕೈ ಹೇಳಿದ್ದು. ನೀನೇ ಹೇಳು."

ಮೋಹಿತನ ಬಲಗೈ ಮೇಲೆದ್ದಿತು. ರೂಢಿಯ ಬಲದಿಂದ ಬೆರಳ ತುದಿಗಳು ಎಡ ಭುಜವನ್ನು ಮುಟ್ಟಿದವು, ಅಲ್ಲೇ ನಿಂತವು. ಅವು ಮುಂದೆ ಸರಿಯುವುದನ್ನು ಕಾಯುತ್ತ ಕಿನುಯೊ ಸಾನ್ ರೆಪ್ಪೆ ಬಡಿಯದೆ ನೋಡುತ್ತಿದ್ದರು.