ಕ್ರೇನ್ ನಿಂತ ಬೆಳಿಗ್ಗೆ

ಹದಿನೆಂಟನೇ ಅಂತಸ್ತಿಗೆ ಕಾಂಕ್ರೀಟ್ ಹಾಕಬೇಕಿದ್ದ ದಿನವೇ ಆರೋಗ್ಯ ಕೇಂದ್ರದ ನರ್ಸಮ್ಮ ಕೆಲಸಗಾರರಿಗೆ ಭಾಷಣ ಮಾಡಲು ಬರುತ್ತಾರೆಂದು ತಿಳಿದಾಗ ಮೇಸ್ತ್ರಿಗೆ ಮೈ ಉರಿದುಹೋಯಿತು. ಮೂವತ್ತು ವರ್ಷ ಕಟ್ಟಡಗಳ ಮೇಲೇ ಸವೆದ ಜೀವ ಅದು. ಹೆಲ್ಮೆಟ್, ಬೆಲ್ಟ್ ಕಣ್ಣಾರೆ ನೋಡದೆ ಯಾರನ್ನೂ ಮೇಲೆ ಹತ್ತಿಸಿದವರಲ್ಲ. ಇನ್ನೇನು ಕಲಿಸುತ್ತಾರೆ ಇವರು?

"ಬೀಳದ ಹಾಗೆ ನೋಡ್ಕೊಳ್ಳೋದು ನಿಮಗೆ ಗೊತ್ತು," ಎಂದರು ನರ್ಸಮ್ಮ, ಕಟ್ಟಡದ ಕೆಳಗೆ ಸೇರಿದ್ದ ನಲವತ್ತು ಜನರಿಗೆ. "ಆದ್ರೆ ನಿಮ್ಮ ಕೆಲಸದಲ್ಲಿ ಬಿದ್ದು ಸಾಯೋರಿಗಿಂತ ತಮ್ಮ ಜೀವ ತಾವೇ ತಕ್ಕೊಳ್ಳೋರು ಜಾಸ್ತಿ. ಶಾಲೆ, ಬ್ಯಾಂಕುಗಳಲ್ಲಿ ದುಡಿಯೋರಲ್ಲಿ ಇಷ್ಟಿಲ್ಲ."

"ಹಾಗಾದ್ರೆ ನಮ್ಮನ್ನ ಬ್ಯಾಂಕಿಗೆ ಸೇರಿಸಿಬಿಡಿ, ಅಕ್ಕ," ಎಂದ ಗಾರೆಯವನು. ಎಲ್ಲರೂ ನಕ್ಕರು. ನರ್ಸಮ್ಮನೂ ನಕ್ಕರು.

"ಇವತ್ತು ಇಲ್ಲಿ, ಮುಂದಿನ ವರ್ಷ ಇನ್ನೆಲ್ಲೋ. ಮನೆ ದೂರ. ಸೊಂಟ ನೋವಾದ್ರೂ ಬಾಯಿ ಬಿಡಲ್ಲ, ಮನಸ್ಸು ನೋವಾದ್ರೆ ಕೇಳೋದೇ ಬೇಡ. ಇಂಥ ಸಾವು ಹತ್ತಿರದಿಂದ ಕಂಡವರು ಯಾರಾದ್ರೂ ಇದ್ರೆ ಕೈ ಎತ್ತಿ."

ಮೊದಲು ಎದ್ದದ್ದು ಆ ಗಾರೆಯವನ ಕೈ. ಆಮೇಲೆ ಕಂಬಿ ಕಟ್ಟುವ ಅಣ್ಣ ತಮ್ಮ ಇಬ್ಬರದೂ. ನೋಡನೋಡುತ್ತ ನಲವತ್ತರಲ್ಲಿ ಇಪ್ಪತ್ತೇಳು ಕೈ ಮೇಲಿದ್ದವು. ಜೊತೆಗೆ ಉಂಡು, ಬೈದಾಡಿ, ಒಂದೇ ನೆರಳಲ್ಲಿ ಮಲಗೆದ್ದ ಜನ; ಇಷ್ಟು ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿದ್ದರು? ತಮ್ಮ ಕೈಯೂ ಎದ್ದಿದೆ ಎಂಬುದು ಮೇಸ್ತ್ರಿಗೆ ತಡವಾಗಿ ಗೊತ್ತಾಯಿತು. ತಾವು ಕೆಲಸ ಕಲಿತ ಗುರುವನ್ನು ಅವರು ಹಾಗೆಯೇ ಕಳೆದುಕೊಂಡಿದ್ದರು.

ಆಗ ಮೇಸ್ತ್ರಿಯ ಸೊಂಟದ ವಾಕಿಟಾಕಿ ಗೊರಗುಟ್ಟಿತು. ಕ್ರೇನ್ ಓಡಿಸುವವನು, ಎಲ್ಲರ ಬಾಯಲ್ಲಿ 'ಹದ್ದು'. ಕಾಂಕ್ರೀಟಿಗೆ ತಯಾರಾಗಿರಲೆಂದು ಮೇಸ್ತ್ರಿಯೇ ಅವನನ್ನು ಬೇಗ ಕ್ರೇನ್ ಹತ್ತಿಸಿದ್ದರು; ಅವನಿಗೂ ಕೇಳಲಿ ಎಂದು ನರ್ಸಮ್ಮ ಒಂದು ವಾಕಿಟಾಕಿ ಹಿಡಿದೇ ಮಾತಾಡಿದ್ದರು.

"ನನ್ನ ಕೈ ಕಾಣಲ್ಲ, ಮೇಸ್ತ್ರಿಗಳೇ. ನಾನೂ ಎತ್ತಿದೀನಿ."

"ನೀನು ಕಳಕೊಂಡದ್ದು ಯಾರನ್ನಪ್ಪ?"

"ಯಾರನ್ನೂ ಅಲ್ಲ," ಎಂದ ಹದ್ದು. ಮೇಸ್ತ್ರಿ ನರ್ಸಮ್ಮನ ಕಡೆ ತಿರುಗಿದರು. ನರ್ಸಮ್ಮ ಮೆಲ್ಲಗೆ, "ನೇರವಾಗೇ ಕೇಳಿ," ಎಂದರು.

"ಸಾಯಬೇಕು ಅಂತ ನಿನಗೇ ಅನ್ನಿಸ್ತಿದೆಯಾ, ಮಗಾ?"

"ಹೂಂ. ಮೂರು ವಾರದಿಂದ."

"ಹೇಳಿದ್ದು ಒಳ್ಳೇದಾಯ್ತು. ಈಗ ಕೆಳಗೆ ಬಾ. ಇಳಿಯೋವರೆಗೂ ನಾನು ಮಾತಾಡ್ತಾನೇ ಇರ್ತೀನಿ."

ಆ ಮಾತು ಬೇರೆ ಬೇರೆ ಕಡೆ ಕೆಲಸದಲ್ಲಿದ್ದ ಉಳಿದವರ ವಾಕಿಟಾಕಿಗಳಲ್ಲೂ ಕೇಳಿಸಿತ್ತು. ಯಾರೂ ಅಪ್ಪಣೆ ಕೊಡಲಿಲ್ಲ. ಮಿಕ್ಸರ್ ನಿಂತಿತು, ಕಂಬಿ ಕತ್ತರಿಸುವ ಯಂತ್ರ ನಿಂತಿತು, ಗೇಟಿನ ಲಾರಿಯೂ ಎಂಜಿನ್ ಆರಿಸಿತು. ಎರಡು ವರ್ಷದಿಂದ ಗದ್ದಲ ಬಿಟ್ಟರೆ ಬೇರೆ ಕೇಳದ ಆ ಜಾಗದಲ್ಲಿ ಒಮ್ಮೆಲೇ ಗಾಳಿಯ ಸದ್ದು ಕೇಳಿಸಿತು. ಮೇಸ್ತ್ರಿ ಬಾಯಿಗೆ ಬಂದದ್ದೆಲ್ಲ ಮಾತಾಡಿದರು: ತಮ್ಮ ಹಾಳು ಮಂಡಿಯ ಕಥೆ, ಕನ್ನಡಕ ಹಣೆ ಮೇಲೆ ಇಟ್ಟುಕೊಂಡೇ ಮನೆಯೆಲ್ಲ ಹುಡುಕಿ ಹೆಂಡತಿಯಿಂದ ಉಗಿಸಿಕೊಂಡದ್ದು. ಏಣಿಯ ಪ್ರತಿ ತಿರುವಿನಲ್ಲೂ ಹದ್ದು ನಿಂತು, "ಇದ್ದೀನಿ, ಹೇಳಿ," ಅನ್ನುತ್ತಿದ್ದ. ಕಬ್ಬಿಣದ ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಒಂದೊಂದಾಗಿ ಹತ್ತಿರವಾಯಿತು. ನಲವತ್ತು ಜನ ಕತ್ತೆತ್ತಿ ನಿಂತಿದ್ದರು.

ಹದ್ದು ನೆಲಕ್ಕೆ ಕಾಲಿಟ್ಟು ಅಲ್ಲೇ ಕುಳಿತ. ಯಾರೂ ಮುತ್ತಿಕೊಳ್ಳಲಿಲ್ಲ. ಗಾರೆಯವನು ತನ್ನ ಲೋಟದ ಟೀ ಅವನ ಕೈಗಿಟ್ಟು ಪಕ್ಕದಲ್ಲಿ ಕುಳಿತ.

"ಕೆಲಸ ನಿಲ್ಲಿಸಿಬಿಟ್ಟೆ," ಎಂದ ಹದ್ದು.

"ಕಾಂಕ್ರೀಟ್ ನಾಳೆನೂ ಹಾಕಬಹುದು ಕಣೋ," ಎಂದರು ಮೇಸ್ತ್ರಿ.

ನರ್ಸಮ್ಮ ಅವನ ಜೊತೆಗೇ ಆಸ್ಪತ್ರೆಗೆ ಹೋದರು. ಸಂಜೆಯೊಳಗೆ ಅವನ ಅಕ್ಕ ಬಂದಳು. ಅವನು ಎರಡು ತಿಂಗಳು ಅವಳ ಮನೆಯಲ್ಲಿದ್ದು ಔಷಧಿ ತೆಗೆದುಕೊಂಡ, ಡಾಕ್ಟರ ಹತ್ತಿರ ಮಾತಾಡಿದ. ತಿರುಗಿ ಬಂದಾಗ ಮೊದಲು ಕೆಳಗೆ ಸಾಮಾನು ನೋಡಿಕೊಳ್ಳುವ ಕೆಲಸ ಮಾಡಿದ. ರಾತ್ರಿ ನಿದ್ದೆ ಬರುತ್ತಿದೆ, ಆದರೆ ಕೆಲವು ದಿನ ಇನ್ನೂ ಕಷ್ಟ ಎಂದು ತಾನಾಗಿಯೇ ಹೇಳುತ್ತಿದ್ದ. ಅಂಥ ದಿನ ಗಾರೆಯವನು ಅವನ ಪಕ್ಕವೇ ಊಟಕ್ಕೆ ಕೂರುತ್ತಿದ್ದ.